ನನ್ನ ಗಾಡಿಗೆ ಪವರ್ ಕೇಳಿದವರು ಯಾರು?

ಹಲವಾಗಲಿನ ಸೋದರತ್ತೆಯ ಮಗಳ ಮದುವೆ ಮುಗಿಸಿಕೊಂಡು ಊರಿಗೆ ಬಂದಾಗ ನನ್ನ ಗಾಡಿ ತೊಳೆಸಿಕೊಂಡು ಅಂಗಳದಲ್ಲಿ ಫಳಫಳ ಹೊಳೆಯುತ್ತ ನಿಂತಿತ್ತು. ಅದನ್ನು ನಾನು ತೊಳೆಯುವವಳೇ ಅಲ್ಲ. ಅದರ ಮೈಗೆ ಹತ್ತಿದ ಹಿಕ್ಕೆ, ಉಣ್ಣೆ, ಎಣ್ಣೆಯ ವಾಸನೆ ನನ್ನ ಕುರಿಗಳಿಗೆ ಗೊತ್ತು, ಅದು ಹಾಗೆಯೇ ಇರಲಿ ಎಂದು ಬಿಟ್ಟಿರುತ್ತೇನೆ. ಹೊಳೆಯುವ ಗಾಡಿ ಕಂಡ ಕೂಡಲೇ ಏನೋ ಎಡವಟ್ಟಾಗಿದೆ ಅನಿಸಿತು. ಪಕ್ಕದಲ್ಲಿ ನನ್ನ ತಮ್ಮ ಹಲ್ಲು ಕಿರಿದುಕೊಂಡು ನಿಂತಿದ್ದ.

"ಅಕ್ಕಾ, ಸಿಲಿಂಡರ್ ಬಿಚ್ಚಿ ಒಳಗಿನ ಕಿಂಡಿ ಕೊರಿಸಿ ಪೋರ್ಟಿಂಗ್ ಮಾಡ್ಸೀನಿ. ಪವರ್ ಹೆಂಗ ಬಂದೈತಿ ನೋಡು ಈಗ!"

ಮೈಯೆಲ್ಲ ಉರಿದುಹೋಯಿತು. ಈಗ ಬರೆಯುವಾಗಲೂ ಉರಿಯುತ್ತಿದೆ.

ನಮ್ಮದು ಉಜ್ಜಿನಿಯ ಹತ್ತಿರದ ಊರು. ಹೊಲವಿದೆ, ಕುರಿಗಳಿವೆ. ನನ್ನ ಬಲಗಾಲು ಪೋಲಿಯೊ ಬಂದು ಚಿಕ್ಕಂದಿನಲ್ಲೇ ಸೊರಗಿತು. ಕೋಲು ಹಿಡಿದು ಅಂಗಳ ದಾಟುತ್ತೇನೆ, ಹೊಲದ ಬದು ದಾಟಲಾರೆ. ದೊಡ್ಡವಳಾಗುವ ತನಕ ಯಾರಾದರೂ ಎತ್ತಿಕೊಂಡು ಹೋದರೆ ಹೋದೆ, ಇಲ್ಲದಿದ್ದರೆ ಕಟ್ಟೆಯ ಮೇಲೆ ಕುಳಿತೆ. ಆ ಕಟ್ಟೆಯಿಂದ ನನ್ನನ್ನು ಎಬ್ಬಿಸಿದ್ದು ಈ ಗಾಡಿ. ದಪ್ಪ ಟೈರಿನ ನಾಲ್ಕು ಗಾಲಿಯ ಎಟಿವಿ. ಹೊಸಪೇಟೆ ಕಡೆಯ ಯಾವುದೋ ರೆಸಾರ್ಟಿನವರು ಪ್ರವಾಸಿಗರನ್ನು ಕೂರಿಸಿ ಓಡಿಸಿ ಓಡಿಸಿ ಸಾಕಾಗಿ ಗುಜರಿಗೆ ಎಸೆದಿದ್ದನ್ನು ಅಪ್ಪ ಬದುಕಿದ್ದಾಗ ತಂದು ರಿಪೇರಿ ಮಾಡಿಸಿಕೊಟ್ಟಿದ್ದ. ಹಳೆಯ ಟೂ ಸ್ಟ್ರೋಕ್ ಎಂಜಿನ್. ಗೇರ್ ತುಳಿಯಬೇಕಿಲ್ಲ, ಬ್ರೇಕು ಕೈಯಲ್ಲೇ ಇದೆ. ಹೆಬ್ಬೆರಳಿನಿಂದ ಒತ್ತಿದರೆ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಕಾಲಿನ ಹಂಗೇ ಇಲ್ಲ.

ಎಲ್ಲ ಕುರಿಗಾರರೂ ಬಾಯಿಂದ ಕೂಗಿ, ಕೋಲು ತೋರಿಸಿ ಹಿಂಡು ನಡೆಸುತ್ತಾರೆ. ನಾನು ಎಂಜಿನ್ನಿನಿಂದ ನಡೆಸುತ್ತೇನೆ. ಬರೀ ಡುಗ್ ಡುಗ್ ಅಂತ ಉರಿಯುತ್ತ ನಿಂತರೆ ಕುರಿಗಳು ತಲೆ ತಗ್ಗಿಸಿ ಮೇಯುತ್ತವೆ. ಹೆಬ್ಬೆರಳು ಒಂಚೂರು ಒತ್ತಿದರೆ ಆ ದನಿ ತುಸು ಗಟ್ಟಿಯಾಗುತ್ತದೆ. ಕಿವಿ ಹರಿದ ಒಂದು ಮುದಿ ಕುರಿ ತಲೆ ಎತ್ತುತ್ತದೆ, ಹೆಜ್ಜೆ ಹಾಕುತ್ತದೆ, ಉಳಿದವೆಲ್ಲ ಅದರ ಹಿಂದೆ ಹೊರಡುತ್ತವೆ. ಇದನ್ನು ಅವಕ್ಕೆ ಕಲಿಸಲು ನನಗೆ ವರ್ಷಗಳೇ ಹಿಡಿದವು. ಇದನ್ನೆಲ್ಲ ತಮ್ಮ ಮೊದಲಿನಿಂದ ನೋಡದವನೇನಲ್ಲ. ಆದರೆ ಅವನಿಗೆ ಹಗರಿಬೊಮ್ಮನಹಳ್ಳಿಯ ಟ್ರ್ಯಾಕ್ಟರ್ ಶೋರೂಮಿನಲ್ಲಿ ಸಂಬಳದ ಕೆಲಸ ಸಿಕ್ಕಾಗಿನಿಂದ ಫೋನಿನಲ್ಲಿ ಎಂಜಿನ್ ವಿಡಿಯೋ ನೋಡುವುದೇ ಒಂದು ಹುಚ್ಚು.

ಮರುದಿನ ಹಿಂಡು ಹೊರಡಿಸಿದೆ. ಹೆಬ್ಬೆರಳು ಒಂಚೂರು ಒತ್ತಿದರೆ ಎಂಜಿನ್ ಕೆಮ್ಮಿತು, ಸತ್ತಿತು. ಮತ್ತೆ ಚಾಲೂ ಮಾಡಿದೆ, ಮತ್ತೆ ಕೆಮ್ಮಿತು. ಸಿಟ್ಟಿನಲ್ಲಿ ಜೋರಾಗಿ ಒತ್ತಿದೆ. ಒಂದು ಕ್ಷಣ ಏನೂ ಇಲ್ಲ, ಆಮೇಲೆ ಕಿರ್ರೋ ಎಂದು ಕಿರುಚಿ ಮುಂಗಾಲಿ ನೆಲ ಬಿಟ್ಟು ನೆಗೆಯಿತು. ಹಿಂಡು ಚೆಲ್ಲಾಪಿಲ್ಲಿಯಾಯಿತು. ಅರ್ಧ ಕುರಿಗಳು ಪಕ್ಕದವರ ಮೆಕ್ಕೆಜೋಳಕ್ಕೆ ನುಗ್ಗಿದವು, ಗಬ್ಬದ ಕುರಿಯೊಂದು ಬದುವಿನಿಂದ ಉರುಳಿ ಬಿತ್ತು. ಅಷ್ಟರಲ್ಲಿ ಎಂಜಿನ್ ಮತ್ತೆ ಬಂದ್ ಆಗಿತ್ತು. ಇಳಿದು ಓಡುವ ಹಾಗಿಲ್ಲ. ಬಯಲಿನ ನಡುವೆ ಕುಳಿತು ಗಂಟಲು ಕಟ್ಟುವ ತನಕ ಕೂಗಿದೆ. ದಾರಿಯಲ್ಲಿ ಹೋಗುತ್ತಿದ್ದವರು ಯಾರೋ ಬಂದು ಕುರಿಗಳನ್ನು ಕೂಡಿಸಿಕೊಟ್ಟು, "ನಿನಗ್ಯಾಕವ್ವಾ ಬೇಕಿತ್ತು ಇದೆಲ್ಲಾ?" ಎಂದು ಬುದ್ಧಿಯನ್ನೂ ಹೇಳಿ ಹೋದರು. ನನಗೆ ಅಳು ಬರಲಿಲ್ಲ, ಯಾರನ್ನಾದರೂ ಕಚ್ಚಬೇಕು ಅನಿಸಿತು.

ಸಂಜೆ ಅವ್ವ ನನ್ನ ಪಕ್ಕ ಕುಳಿತು ಬೆನ್ನು ಸವರಿದಳು. ಅವ್ವ ಬೆನ್ನು ಸವರಿದರೆ ಏನೋ ಕಿತ್ತುಕೊಳ್ಳುತ್ತಾಳೆ ಎಂದೇ ಅರ್ಥ.

"ಸಾಕು ಬಿಡವ್ವಾ, ಇಷ್ಟು ವರ್ಸ ಕಾದದ್ದು. ಕುರಿನೆಲ್ಲಾ ನಿಮ್ಮ ದೊಡ್ಡಪ್ಪನ ಮಗನ ಹಿಂಡಿಗಿ ಸೇರಿಸಿಬಿಡಾಮು. ನೀ ಆರಾಮ್ ಮನ್ಯಾಗ ಕುಂದ್ರು."

ತಮ್ಮ ಹೌದೆಂಬಂತೆ ಗೋಣು ಆಡಿಸಿದ. ಇವರಿಗೆಲ್ಲ ನನ್ನ ಮೇಲೆ ಪ್ರೀತಿ ಇಲ್ಲವೆಂದಲ್ಲ. ಅದೇ ಸಂಕಟ. ಪ್ರೀತಿಯಿಂದಲೇ ಗಾಡಿ ಕೆಡಿಸಿದರು, ಪ್ರೀತಿಯಿಂದಲೇ ಕಟ್ಟೆಗೆ ಕೂರಿಸಲು ಹೊರಟರು. ಯಾರೊಬ್ಬರೂ ನಿನಗೇನು ಬೇಕು ಎಂದು ಕೇಳಲಿಲ್ಲ.

"ನನ್ನ ಕಾಲು ಕೊರಿಸಿ ಬಂದೀಯಲ್ಲಲೇ," ಎಂದು ತಮ್ಮನಿಗೆ ಬಾಯಿಗೆ ಬಂದಂತೆ ಬೈದೆ. "ನಾಳೆ ಗಾಡಿ ಹೇರು. ಯಾವನು ಕೊರದಾನ ಅವನ ಮುಂದ ನನ್ನ ಒಯ್ದು ನಿಲ್ಸು."

ಟ್ರಾಲಿಯಲ್ಲಿ ಗಾಡಿ ಹೇರಿಕೊಂಡು ಹಗರಿಬೊಮ್ಮನಹಳ್ಳಿಗೆ ಹೋದೆವು. ಗಾಡಿ ಕೊರೆದ ಮಿಸ್ತ್ರಿಯ ಅಂಗಡಿ ತಮ್ಮನ ಶೋರೂಮಿನ ಹಿಂದಿನ ಓಣಿಯಲ್ಲಿತ್ತು. ಹುಡುಗರ ಹಳೇ ಬೈಕುಗಳನ್ನು ಗಾಳಿಯಂತೆ ಓಡಿಸುವುದರಲ್ಲಿ ಅವನ ಹೆಸರು ಕೂಡ್ಲಿಗಿ, ಹಡಗಲಿಯ ತನಕ ಹೋಗಿತ್ತಂತೆ. ಅವನು ನನ್ನ ಕಡೆ ನೋಡಲಿಲ್ಲ. ತಮ್ಮನನ್ನು ಕೇಳಿದ, "ಹೆಂಗೈತ್ರಿ ಗಾಡಿ? ಹಾರ್ತೈತಿ ಹೌದಿಲ್ಲ?"

ಪಿತ್ತ ನೆತ್ತಿಗೇರಿತು. ಕೋಲೆತ್ತಿ ಅವನ ಕಬ್ಬಿಣದ ಮೇಜಿಗೆ ಬಾರಿಸಿದೆ. ಸ್ಪ್ಯಾನರುಗಳು ಕುಣಿದವು.

"ಇತ್ತಾಗ ನೋಡಿ ಮಾತಾಡ್ರಿ. ಗಾಡಿ ನಂದು."

ಅವನು ನೋಡಿದ. ಮೊದಲು ಕೋಲು, ಆಮೇಲೆ ಕಾಲು, ಕೊನೆಗೆ ಮುಖ. ಸಿಲಿಂಡರ್ ಬಿಚ್ಚಿ ಟಾರ್ಚ್ ಬಿಟ್ಟು ಒಳಗೆ ತೋರಿಸಿದ. ಹೊಗೆ ಹೊರಗೆ ಹೋಗುವ ಕಿಂಡಿಯನ್ನು ಮೇಲಕ್ಕೆ ಕೊರೆದು ಅಗಲ ಮಾಡಿ ಕನ್ನಡಿಯಂತೆ ತಿಕ್ಕಿದ್ದ. ಕೆಲಸ ಚೆಂದವಿತ್ತು. ಅದನ್ನು ಕಂಡು ಸಿಟ್ಟು ಇನ್ನೂ ಹೆಚ್ಚಾಯಿತು.

"ಈ ಎಂಜಿನ್ನಿಗಿ ವಾಲ್ವ್ ಇರಂಗಿಲ್ರಿ ಅಕ್ಕಾರ. ಗ್ವಾಡ್ಯಾಗ ಕಿಂಡಿ ಇರ್ತಾವ, ಪಿಸ್ಟನ್ ಇಳದ್ರ ತೆರಿತಾವ, ಏರಿದ್ರ ಮುಚ್ಚತಾವ. ಕಿಂಡಿ ಮ್ಯಾಲಕ್ಕಿದ್ರ ಹೊಗಿ ಲಗೂನ ಹೊರಗ ಬೀಳತೈತಿ. ಜೋರ್ ಹೋಗುವಾಗ ಅದಽ ಪವರ್."

"ನಿಧಾನ ಹೋಗುವಾಗ?"

"ಆವಾಗ ಪಿಸ್ಟನ್ ಪೂರಾ ದಬ್ಬೂದ್ರಾಗ ಒಳಗಿನ ದಮ್ಮೆಲ್ಲಾ ಕಿಂಡಿಲೇ ಸೋರಿ ಹೊಕ್ಕೈತಿ. ಆದ್ರ ನಿಧಾನ ಯಾರು ಹೊಕ್ಕಾರ್ರಿ?"

"ನಾನು!" ಎಂದು ಕಿರುಚಿದೆ. ಪಕ್ಕದ ಪಂಕ್ಚರ್ ಅಂಗಡಿಯವರು ಬಂದು ಇಣುಕಿದರು. ಇಣುಕಲಿ ಎಂದು ಇನ್ನೂ ಜೋರಾಗಿಯೇ ಹೇಳಿದೆ. "ನಾ ಕುರಿ ಜೋಡಿ ನಡಿಯಾಕಿ. ಮೊದ್ಲಿದ್ದಂಗ ಮಾಡಿಕೊಡ್ರಿ."

"ಕೊರದ ಕಬ್ಬಣ ತಿರುಗಿ ಬೆಳಿತೈತೇನ್ರಿ?"

"ಹಂಗಾರ ಕೊರಿಯಾಕ ಮೊದ್ಲು ಗಾಡಿ ಯಾರದು, ಎದಕ್ಕ ಬೇಕು ಅಂತ ಕೇಳಾಕ ಏನಾಗಿತ್ತು?"

ನಾನು ಅವನ ಅಂಗಡಿಯ ಬಾಗಿಲಿಗೆ ಅಡ್ಡಲಾಗಿ ಸ್ಟೂಲು ಹಾಕಿಕೊಂಡು ಕುಳಿತೆ. ಗಿರಾಕಿಗಳು ಬಂದು ವಾಪಸು ಹೋದರು. ತಮ್ಮ "ಮಂದಿ ನೋಡಾಕತ್ಯಾರ ಅಕ್ಕಾ" ಅಂದ. ಹಿಂಡು ಚೆದುರಿದ ದಿನವೂ ಮಂದಿ ನೋಡಿದ್ದರು ಎಂದು ಹೇಳಿ ಅವನ ಬಾಯಿ ಮುಚ್ಚಿಸಿದೆ.

ಮಿಸ್ತ್ರಿ ಸಿಲಿಂಡರನ್ನು ತಿರುಗಿಸಿ ತಿರುಗಿಸಿ ನೋಡಿದ, ಎಂಜಿನ್ನಿನ ಮೇಲೆ ಇಟ್ಟು ತೆಗೆದ. ಕೊನೆಗೆ ನನ್ನ ಎದುರು ಬಂದು ಕುಕ್ಕರಗಾಲಲ್ಲಿ ಕುಳಿತ. ತಮ್ಮನ ಕಡೆ ತಿರುಗದೆ ನನ್ನನ್ನೇ ಕೇಳಿದ, "ನಿಮ್ಮ ಕುರಿ ಎಷ್ಟು ಜೋರು ನಡಿತಾವ್ರಿ?"

ಈ ಇಡೀ ಗದ್ದಲದಲ್ಲಿ ನನ್ನನ್ನು ಯಾರಾದರೂ ಕೇಳಿದ ಮೊದಲ ಪ್ರಶ್ನೆ ಅದು. ನನ್ನ ಸಿಟ್ಟೇನೂ ಇಳಿಯಲಿಲ್ಲ. ಆದರೆ ಉತ್ತರ ಕೊಟ್ಟೆ. ಕೋಲನ್ನು ನೆಲಕ್ಕೆ ಕುಟ್ಟಿ ನಮ್ಮ ಮುದಿ ಕುರಿಯ ಹೆಜ್ಜೆ ತೋರಿಸಿದೆ, ಆಗ ಎಂಜಿನ್ ಹೇಗೆ ಉಸಿರಾಡಬೇಕು ಎಂದು ಬಾಯಿಂದ ಡುಗ್ ಡುಗ್ ಅಂದು ಕೇಳಿಸಿದೆ. ಪಂಕ್ಚರ್ ಅಂಗಡಿಯವರು ನಕ್ಕರು. ಮಿಸ್ತ್ರಿ ನಗದೆ ಕಿವಿಗೊಟ್ಟು ಕೇಳಿದ.

"ಪವರ್ ಕಡಿಮಿ ಮಾಡ್ರಿ ಅಂತ ನನ್ನ ಅಂಗಡಿಗಿ ಬಂದವರು ನೀವೊಬ್ಬರಽ ನೋಡ್ರಿ," ಅಂದ. "ಕಿಂಡಿ ಇಳಿಸಾಕ ಬರಂಗಿಲ್ಲ. ಗ್ವಾಡಿನಽ ಇಳಿಸಬಹುದು."

ಸಿಲಿಂಡರನ್ನು ಲೇಥ್ ಯಂತ್ರಕ್ಕೆ ಕಟ್ಟಿ ಅದರ ಬುಡವನ್ನು ಒಂದಿಷ್ಟು ಕೆರೆದ. ಬುಡ ಕರಗಿದಷ್ಟು ಇಡೀ ಸಿಲಿಂಡರ್ ಕೆಳಗೆ ಕೂರುತ್ತದೆ, ಅದರ ಜೊತೆ ಕಿಂಡಿಯೂ ಇಳಿಯುತ್ತದೆ. ಪಿಸ್ಟನ್ ತಲೆ ಬಡಿಯದಂತೆ ಮೇಲುಗಡೆ ಅಷ್ಟೇ ದಪ್ಪದ ತಾಮ್ರದ ಹಾಳೆ ಕೂರಿಸಿದ. ಎಲ್ಲ ಜೋಡಿಸಿ, ಬೀಗದ ಕೈಯನ್ನು ಮುಟ್ಟದೆ, ನನಗೆ ದಾರಿ ಬಿಟ್ಟು ನಿಂತ. ನಾನೇ ಚಾಲೂ ಮಾಡಿದೆ. ಪೂರ್ತಿ ಮೊದಲಿನ ದನಿ ಅಲ್ಲ. ತುಸು ಗೊಗ್ಗರು, ಹೊಗೆಯೂ ಹೆಚ್ಚು. ಅಗಲ ಮಾಡಿದ್ದು ಅಗಲವೇ ಉಳಿಯಿತಲ್ಲ. ಆದರೆ ಹೆಬ್ಬೆರಳು ಒಂಚೂರು ಒತ್ತಿದರೆ ಒಂಚೂರೇ ಹೋಯಿತು.

ಮಾರನೆಯ ಬೆಳಿಗ್ಗೆ ಹಟ್ಟಿಯ ಬಾಗಿಲು ತೆಗೆಸಿ ಗಾಡಿಯ ಮೇಲೆ ಕುಳಿತು ಕಾದೆ. ಎಂಜಿನ್ ಡುಗ್ ಡುಗ್ ಅನ್ನುತ್ತಿತ್ತು. ಕುರಿಗಳು ಹೊರಗೇ ಬರಲಿಲ್ಲ. ಹೆದರಿದ್ದವು. ಒಳಗೊಳಗೇ ನಾನೂ ಹೆದರಿದ್ದೆ. ದೊಡ್ಡಪ್ಪನ ಮಗನನ್ನು ಅವ್ವ ಆಗಲೇ ಕರೆಸಿಕೊಂಡಿದ್ದಳು, ಅವನು ಕಂಬಳಿ ಹೆಗಲಿಗೆ ಹಾಕಿಕೊಂಡು ಬೇಲಿಯ ಹತ್ತಿರ ನಿಂತಿದ್ದ. ನಾನು ಕೂಗಲಿಲ್ಲ. ಹೆಬ್ಬೆರಳು ಒತ್ತಿದೆ, ಬಿಟ್ಟೆ, ಒತ್ತಿದೆ. ಕಿವಿ ಹರಿದ ಮುದಿ ಕುರಿ ಬಾಗಿಲಿಗೆ ಬಂದು ನಿಂತಿತು. ಗಾಲಿಯನ್ನು ಮೂಸಿತು. ಆಮೇಲೆ ನನ್ನ ಪಕ್ಕಕ್ಕೆ ಬಂದು ಹೆಜ್ಜೆ ಹಾಕಿತು, ಹಿಂಡು ಅದರ ಹಿಂದೆ ಹೊರಟಿತು.

ತಮ್ಮ ಮುಖ ಸಣ್ಣದು ಮಾಡಿಕೊಂಡು, "ಪವರ್ ಎಲ್ಲಾ ಹೋತಲ್ಲಕ್ಕಾ," ಅಂದ. ಬಾಗಿಲಲ್ಲಿ ನಿಂತಿದ್ದ ಅವ್ವ ಎಂದಿನಂತೆ ಕೂಗಿದಳು, "ನಿಧಾನ ಹೋಗವ್ವಾ!"

ನಾನು ತಿರುಗಿಯೂ ನೋಡದೆ ಕೂಗಿದೆ, "ನಿಧಾನ ಹೋಗಾಕಽ ಬೇ ಇಷ್ಟೆಲ್ಲಾ ಜಗಳ ಮಾಡಿದ್ದು!"