ಬುರುಡೆಯ ಮೇಲಿನ ಬೆರಳುಗಳು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಮೂಳೆಯ ಸ್ಕ್ಯಾನ್ ತೆಗೆಯುವ ಆಕೆಗೆ ಜೊತೆಯವರು ಇಟ್ಟ ಹೆಸರು ಕಲ್ಲಮ್ಮ. ಇಟ್ಟರೂ ಇಟ್ಟರು, ಸರಿಯಾಗಿಯೇ ಇಟ್ಟರು. ತೆರೆಯ ಮೇಲೆ ಏನೇ ಕಾಣಲಿ, ಆಕೆಯ ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ. ರೋಗಿಗಳು "ಏನಾದ್ರೂ ಇದೆಯಾ ಮೇಡಂ?" ಎಂದು ಅಂಗಲಾಚಿದರೆ "ಡಾಕ್ಟರು ನೋಡಿ ಹೇಳ್ತಾರೆ" ಎಂದವಳೇ ತುಟಿ ಹೊಲಿದುಕೊಂಡುಬಿಡುತ್ತಿದ್ದಳು. ಚಿತ್ರ ತೆಗೆಯುವವರು ಬಾಯಿ ಬಿಡಬಾರದೆಂಬುದು ಅಲ್ಲಿನ ನಿಯಮ.

ಕೆಲಸವೂ ಅಂಥದ್ದೇ, ಗಟ್ಟಿ ಗುಂಡಿಗೆ ಬೇಕು. ರಕ್ತನಾಳಕ್ಕೆ ತುಸು ವಿಕಿರಣದ ಔಷಧಿ ಚುಚ್ಚಿ, ಅದು ಮೂಳೆಗಂಟುವವರೆಗೆ ಕಾಯಿಸಿ, ಆಮೇಲೆ ಕ್ಯಾಮೆರಾದ ಕೆಳಗೆ ಮಲಗಿಸಿದರೆ ಕಪ್ಪು ತೆರೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಅಸ್ಥಿಪಂಜರ ಎದ್ದು ಬರುತ್ತದೆ. ಮೊದಲು ಬುರುಡೆ. ಕೆಮ್ಮುತ್ತ ಮಲಗಿದ ಮನುಷ್ಯ ಇಲ್ಲಿ, ಇವಳನ್ನೇ ದಿಟ್ಟಿಸುವ ಅವನ ಬುರುಡೆ ಅಲ್ಲಿ! ಬಸ್ಸಿನಲ್ಲಿ ಎದುರು ಕೂತವರ ಕೆನ್ನೆಯ ಹಿಂದೆಯೂ ಆಕೆಗೆ ದವಡೆ ಕಾಣತೊಡಗಿ ವರ್ಷಗಳೇ ಆಗಿದ್ದವು. ಅದರಲ್ಲೂ ಈ ಬುರುಡೆ ಇದೆಯಲ್ಲ, ಮಹಾ ಮೋಸಗಾರ. ಹುಳುಕು ಹಲ್ಲೂ ಅಲ್ಲಿ ಕೆಂಡದಂತೆ ಹೊಳೆಯುತ್ತದೆ. ವಯಸ್ಸಾದ ಹೆಂಗಸರ ಹಣೆಯ ಮೂಳೆ ಒಳಗೊಳಗೇ ದಪ್ಪಗಾಗಿ ಎಡಕ್ಕೂ ಬಲಕ್ಕೂ ಚಿಟ್ಟೆಯ ರೆಕ್ಕೆಯಂತೆ ಬೆಳಗುತ್ತದೆ, ಅದರಿಂದ ಯಾರಿಗೂ ಏನೂ ಆಗುವುದಿಲ್ಲ. ಮೂಳೆಗೆ ಹಬ್ಬಿದ ಕ್ಯಾನ್ಸರೂ ಬೆಳಗುತ್ತದೆ. ಅದೇ ಫಜೀತಿ.

ಆ ದಿನ ಬಂದವಳು ಆಕೆಯ ಅಕ್ಕ. ತಾಯಿಯಿಲ್ಲದ ಕೂಸನ್ನು ಎತ್ತಿ ಆಡಿಸಿ, ತಲೆ ಬಾಚಿ, ಉಣ್ಣುವ ಮೊದಲು ಕೈ ತೊಳೆಯುವುದನ್ನು ಕಲಿಸಿ ದೊಡ್ಡವಳನ್ನಾಗಿ ಮಾಡಿದ ಅಕ್ಕ. ಎದೆಯ ಕ್ಯಾನ್ಸರಿನಿಂದ ಬದುಕಿಬಂದವಳಿಗೆ ಈಗ ಬೆನ್ನುನೋವು ಶುರುವಾಗಿತ್ತು.

"ನನ್ನ ಮೂಳೆ ನೋಡಿ ಭಯ ಬೀಳಬೇಡ ಕಣೇ ಪುಟ್ಟಿ, ನಿಮ್ಮ ಭಾವ ದಿನಾ ನನ್ನ ನೋಡಿ ಭಯ ಬೀಳ್ತಾರೆ, ಅಷ್ಟು ಸಾಕು" ಎಂದು ನಕ್ಕಳು ಅಕ್ಕ. ಸೂಜಿ ಚುಚ್ಚುವಾಗ ಮಾತ್ರ ಮೆಲ್ಲಗೆ ಹೇಳಿದಳು: "ಕ್ಯಾನ್ಸರ್ ಮತ್ತೆ ಬಂದಿದ್ರೆ ನನಗೆ ಆ ಕೀಮೋ ಬೇಡ. ಒಂದ್ಸಲ ಸತ್ತು ಬದುಕಿದ್ದು ಸಾಕು. ಸುಮ್ನೆ ಮನೇಲಿ ಮಲಕ್ಕೋತೀನಿ."

ಕಾಯುವ ಹೊತ್ತು ಮುಗಿಯಿತು. ಅಕ್ಕ ಬಾತ್‌ರೂಮಿಗೆ ಹೋಗಿ ಬಂದು ಮಲಗಿದಳು. ಕ್ಯಾಮೆರಾ ಗುಂಯ್ ಎನ್ನುತ್ತ ಮುಖದ ಮೇಲೆ ಸರಿಯಿತು.

ತೆರೆಯ ಮೇಲೆ ಬುರುಡೆ ಮೂಡಿತು. ಹಣೆಯ ಎಡಕ್ಕೆ ಒಂದು ಚುಕ್ಕಿ ಹೊತ್ತಿಕೊಂಡಿತು. ಅದರ ಪಕ್ಕ ಇನ್ನೊಂದು, ಮತ್ತೊಂದು, ನಾಲ್ಕನೆಯದು. ಬಲ ಕಣತಲೆಯ ಬಳಿ ಒಂದು ದೊಡ್ಡದು. ನೋಡನೋಡುತ್ತಲೇ ಅವು ಉದ್ದುದ್ದ ಬೆಳೆದು ಬೆರಳುಗಳಾದವು. ಅಯ್ಯೋ ದೇವರೇ! ಯಾರದೋ ಕೈ ಅಕ್ಕನ ಬುರುಡೆಯನ್ನು ಗಬಕ್ಕನೆ ಹಿಡಿದುಕೊಂಡಿತ್ತು. ಆಕೆ ತಿರುಗಿ ಮಂಚದತ್ತ ನೋಡಿದಳು. ಕೋಣೆಯಲ್ಲಿ ಅವರಿಬ್ಬರ ಹೊರತು ಯಾರೂ ಇರಲಿಲ್ಲ. ತೆರೆಯ ಮೇಲೆ ಆ ಕೈ ಮಾತ್ರ ಇನ್ನಷ್ಟು ಬೆಳಗುತ್ತ, ಹಿಡಿತ ಬಿಗಿ ಮಾಡುತ್ತಿರುವಂತೆ ಕಂಡಿತು.

ಅಷ್ಟರಲ್ಲಿ ಕ್ಯಾಮೆರಾ ಎದೆಯತ್ತ ಸರಿದು ಅಕ್ಕನ ಮುಖ ಹೊರಬಂದಿತ್ತು. ಕಣ್ಣು ನೆಟ್ಟಗೆ ತಂಗಿಯ ಮೇಲೆ. ಊರಿಗೆಲ್ಲ ಕಲ್ಲಾದ ಮುಖ ಅಕ್ಕನಿಗೆ ತೆರೆದ ಬಾಗಿಲು!

"ಇದೆ ಅಲ್ವೇನೇ?" ಎಂದಳು ಅಕ್ಕ.

"ಅಲ್ಲಾಡಬೇಡ ಅಕ್ಕ." ಅಷ್ಟು ಹೇಳಿ ಆಕೆ ಮುಖವನ್ನು ತೆರೆಯತ್ತ ತಿರುಗಿಸಿಕೊಂಡಳು.

ಸ್ಕ್ಯಾನ್ ಮುಗಿಯುತ್ತಲೇ ಡಾಕ್ಟರನ್ನು ಕರೆತಂದಳು. ಅವರು ತೆರೆ ನೋಡಿ ಹುಬ್ಬೇರಿಸಿದರು. "ಪಕ್ಕದಿಂದ ಒಂದು ತೆಗಿ" ಎಂದರು. ತೆಗೆದಳು. ಆ ಚಿತ್ರದಲ್ಲಿ ಬೆರಳುಗಳು ಮೂಳೆಯೊಳಗೆ ಇರಲಿಲ್ಲ, ಅದರಾಚೆ ಚರ್ಮದ ಮೇಲೆ ನಿಂತಿದ್ದವು.

"ರೋಗ ಅಲ್ಲಮ್ಮ ಇದು, ಹೊರಗಿಂದ ಅಂಟಿದ್ದು. ಔಷಧಿ ಮೂತ್ರದಲ್ಲಿ ಹೋಗುತ್ತಲ್ಲ? ಬಾತ್‌ರೂಮಿಂದ ಬಂದಾಗ ಸೋಪು ಹಾಕಿ ಕೈ ತೊಳಿಯೋಕೆ ಹೇಳಿದ್ಯಾ?"

ಆಕೆ ನಾಲಿಗೆ ಕಚ್ಚಿಕೊಂಡಳು. ಬಂದ ಪ್ರತಿ ರೋಗಿಗೂ ತಪ್ಪದೆ ಹೇಳುವ ಮಾತದು. ಕೈ ತೊಳೆಯುವುದನ್ನು ತನಗೇ ಕಲಿಸಿದ ಅಕ್ಕನಿಗೆ ಅದನ್ನು ಹೇಗೆ ಹೇಳುವುದೆಂದು ನಾಚಿ ಬಿಟ್ಟುಬಿಟ್ಟಿದ್ದಳು. ಎಂಥ ಪೆದ್ದುತನ! ಹೆದರಿಕೆಯಲ್ಲಿ ಅದು ನೆನಪಿಗೂ ಬರಲಿಲ್ಲ.

ಅಕ್ಕನ ಹಣೆ, ಕೈ ಎಲ್ಲ ತೊಳೆಸಿ ಮತ್ತೆ ಚಿತ್ರ ತೆಗೆದಳು. ಬೆರಳುಗಳು ಹೋಗಿದ್ದವು. ಹಣೆಯ ಹಿಂದೆ ಆ ಮಾಮೂಲಿ ಚಿಟ್ಟೆ ಮಾತ್ರ ಮಸುಕಾಗಿ ಕೂತಿತ್ತು. ಬೆನ್ನಿನದು ಸವೆತ ಎಂದರು ಡಾಕ್ಟರು. "ನೀನೇ ಹೇಳಮ್ಮ ನಿಮ್ಮ ಅಕ್ಕನಿಗೆ" ಎಂದು ನಕ್ಕು ಹೊರಟರು.

ಆಕೆ ಓಡಿಹೋಗಿ ಹೇಳಿದಳು, "ಏನೂ ಇಲ್ಲ ಅಕ್ಕ! ಏನೇನೂ ಇಲ್ಲ!"

ಅಕ್ಕ ಚಪ್ಪಲಿ ಮೆಟ್ಟುತ್ತಿದ್ದಳು. ತಲೆ ಎತ್ತಲಿಲ್ಲ. "ನನ್ನ ಹತ್ರ ನಾಟಕ ಬೇಡ. ನಿನ್ನ ಮುಖ ನೋಡಿದೆ. ಹೆಣ ನೋಡಿದವಳ ಹಾಗೆ ಇತ್ತು. ಆಮೇಲೆ ಡಾಕ್ಟರು ಬಂದ್ರು, ಮತ್ತೆ ಮತ್ತೆ ತೆಗೆದ್ರಿ. ನಾನೇನು ಮಗುವಾ? ಇನ್ನು ಈ ಆಸ್ಪತ್ರೆಗೆ ಕಾಲಿಡಲ್ಲ, ಕರೀಬೇಡ."

ತಂಗಿ ಆಣೆ ಮಾಡಿದಳು, ಗೋಗರೆದಳು. ಊಹೂಂ. ಅಕ್ಕ ಬಾಗಿಲವರೆಗೆ ಹೋಗಿಯೇಬಿಟ್ಟಳು. ಆಗ ನಿಯಮ ಹಾಳಾಗಿ ಹೋಗಲಿ ಎಂದು ತಂಗಿ ಅವಳ ರಟ್ಟೆ ಹಿಡಿದು ದರದರ ಎಳೆತಂದು ತೆರೆಯ ಮುಂದೆ ನಿಲ್ಲಿಸಿದಳು. ಮೊದಲಿನ ಚಿತ್ರ ತೆರೆದಳು.

ತನ್ನದೇ ಬುರುಡೆ, ಅದನ್ನು ಹಿಡಿದ ಕೈ. ಅಕ್ಕ ಎರಡು ಹೆಜ್ಜೆ ಹಿಂದೆ ಸರಿದಳು. "ಯಾರೇ ಅದು?"

"ಬಾತ್‌ರೂಮಲ್ಲಿ ತಲೆ ಮುಟ್ಟಿಕೊಂಡ್ಯಾ ಅಕ್ಕ?"

ಅಕ್ಕ ತೆರೆಯ ಹತ್ತಿರ ಬಂದಳು. ಆ ಬೆರಳುಗಳನ್ನೇ ನೋಡಿದಳು. ಆಮೇಲೆ ಬಲಗೈಯನ್ನು ನಿಧಾನವಾಗಿ ಎತ್ತಿ ಹಣೆಗಿಟ್ಟಳು. ಹೆಬ್ಬೆರಳು ಬಲ ಕಣತಲೆಯ ಮೇಲೆ ಕೂತಿತು, ನಾಲ್ಕು ಬೆರಳು ಎಡಕ್ಕೆ ಕೂತವು.

"ನಾನು ಹೆದರಿದ್ದು ನಿನಗೆ ಕಾಣಬಾರದು ಅಂತ ಅಲ್ಲಿಗೆ ಹೋಗಿ ಚಿಲಕ ಹಾಕ್ಕೊಂಡು ಕೂತಿದ್ದೆ ಕಣೇ" ಎಂದಳು. "ಅಲ್ಲೂ ಬಿಡಲಿಲ್ಲವಲ್ಲೇ ನೀನು."