ತೋಳಕ್ಕೆ ಬಾರಿಸಿದ ಜಾಗಟೆ

ಗುರುವಾರ ಸಂಜೆ ದೇವರ ಪಾತ್ರೆಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುವುದು ನನ್ನ ಹಳೆಯ ಚಾಳಿ. ಆಶ್‌ಬರ್ನ್‌ನ ಈ ಟೌನ್‌ಹೌಸಿನ ಸಿಂಕಿನಲ್ಲಿ ಹುಣಸೆಯ ಹುಳಿ ವಾಸನೆ ಏಳುತ್ತಿದ್ದಂತೆ ಮನಸ್ಸು ಎಲ್ಲೆಲ್ಲೋ ಅಲೆಯಲು ಹೊರಡುತ್ತದೆ. ಮೊನ್ನೆ ಜಾಗಟೆ ತಿಕ್ಕುವಾಗ ಅದರ ಅಂಚಿನ ನಗ್ಗು ಬೆರಳಿಗೆ ಸಿಕ್ಕಿತು. ಅಲ್ಲಿಗೆ ನನ್ನ ಕೆಲಸ ಕೆಟ್ಟಿತು. ನಲ್ಲಿ ಸುರಿಯುತ್ತಲೇ ಇತ್ತು, ನಾನು ಮಾತ್ರ ನಾರ್ತ್ ಕೆರೊಲೈನಾದ ಒಂದು ಹೊಲದ ಅಂಚಿನಲ್ಲಿ ನಿಂತಿದ್ದೆ.

ಕೋವಿಡ್ ಕಾಲದ ಮಾತು. ನಮ್ಮವರು ಡಾಕ್ಟರು. ಕೆರೊಲೈನಾದ ಪೂರ್ವದ ತುದಿಯಲ್ಲಿ, ಸಮುದ್ರಕ್ಕೆ ಹತ್ತಿರದ ಹಳ್ಳಿಯೊಂದರ ಕ್ಲಿನಿಕ್ಕಿಗೆ ಯಾರೂ ಸಿಗುತ್ತಿಲ್ಲವೆಂದು ಎರಡು ವರ್ಷಕ್ಕೆ ಒಪ್ಪಿಕೊಂಡುಬಿಟ್ಟರು. ಹೊಲಗಳ ನಡುವೆ ಒಂಟಿ ಬಾಡಿಗೆ ಮನೆ. ಆ ಸೀಮೆಯನ್ನು ನೀವು ನೋಡಿರಲಿಕ್ಕಿಲ್ಲ. ನೆಲವೆಂದರೆ ರೊಟ್ಟಿ ತಟ್ಟಿದ ಹಾಗೆ ಸಪಾಟು, ಕಪ್ಪು ಮಣ್ಣು, ಹೊಲಹೊಲಕ್ಕೂ ನೀರು ನಿಂತ ಕಾಲುವೆ. ಬೆಳಿಗ್ಗೆ ಮಂಜು ಇಳಿದರೆ ಹೊಲ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ತಿಳಿಯದು. ನಾನು ಕಾಫಿ ಲೋಟ ಹಿಡಿದು ಹಿತ್ತಿಲ ಮೆಟ್ಟಿಲ ಮೇಲೆ ಕೂತರೆ ಕಾಫಿ ಆರಿದ್ದೂ ಗೊತ್ತಾಗುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಅನ್ನ ಚೆಲ್ಲುವ ಪದ್ಧತಿಯಿಲ್ಲ. ಮಿಕ್ಕಿದ್ದು ಯಾವುದಾದರೂ ಬಾಯಿಗೆ ಹೋಗಬೇಕು, ಕಸಕ್ಕಲ್ಲ ಎಂದು ಅಜ್ಜಿ ತಲೆಗೆ ತುಂಬಿದ್ದಳು. ಹಾಗಾಗಿ ಹಿತ್ತಿಲ ಕೊನೆಯ ಮರದ ಬುಡದಲ್ಲಿ ಹಳೆಯ ತಟ್ಟೆಯೊಂದನ್ನಿಟ್ಟು, ಉಳಿದ ಮುದ್ದೆ, ಕೋಳಿಸಾರು ಎಲ್ಲವನ್ನೂ ಅಲ್ಲಿ ಸುರಿಯತೊಡಗಿದೆ. ಬೆಳಗಾಗುವುದರೊಳಗೆ ತಟ್ಟೆ ಫಳಫಳ. ಒಂದು ಸಂಜೆ ಉಂಡವರು ಯಾರೆಂದು ಕಂಡಿತು. ಉದ್ದ ಕಾಲಿನ, ಕಿವಿಯ ಹಿಂದೆ ಕೆಂಪು ಕೂದಲಿನ ಸಣಕಲು ನಾಯಿ. ಕೊರಳಲ್ಲಿ ಕಿತ್ತಳೆ ಬಣ್ಣದ ಪಟ್ಟಿ. ಅಯ್ಯೋ ಪಾಪ, ಯಾರದೋ ಸಾಕಿದ ನಾಯಿ, ದಾರಿ ತಪ್ಪಿದೆ ಎಂದುಕೊಂಡೆ. ಮುದ್ದೆಯನ್ನು ಅಗಿಯದೆ ಗುಳುಕ್ಕನೆ ನುಂಗಿತು. ನೋಡಿ, ಮೂವತ್ತು ವರ್ಷದಿಂದ ಈ ದೇಶದಲ್ಲಿರುವ ನಮ್ಮವರ ಸ್ನೇಹಿತರಿಗೇ ಬಾರದ ವಿದ್ಯೆ ಅದಕ್ಕೆ ಹುಟ್ಟುತ್ತಲೇ ಬಂದಿತ್ತು! ಅಂದಿನಿಂದ ಅದಕ್ಕೆಂದೇ ಒಂದು ಮುದ್ದೆ ಹೆಚ್ಚು ಕಟ್ಟತೊಡಗಿದೆ.

ಇಲ್ಲಿ ಹಾರ್ಲನ್ ಅವರ ವಿಷಯ ಹೇಳಬೇಕು. ಪಕ್ಕದ ಹೊಲದವರು, ಎಂಬತ್ತರ ಹತ್ತಿರದ ವಯಸ್ಸು, ಹುಟ್ಟಾ ಬೇಟೆಗಾರರು. ಸೊಂಟಕ್ಕೆ ಕೈಯಿಟ್ಟು ನಿಲ್ಲುವ ಠೀವಿ ನೋಡಿ ಮನೆಯೊಳಗೆ ನಾವು ಅವರನ್ನು ಹಾರ್ಲನ್ ಗೌಡರು ಎನ್ನುತ್ತಿದ್ದೆವು. ಅವರ ಎಳೆದೆಳೆದು ಆಡುವ ಇಂಗ್ಲಿಷು ನನ್ನ ಕಿವಿಗೆ ಮಂಡ್ಯದ ಕಡೆಯ ಮಾತಿನಂತೆಯೇ ಬೀಳುತ್ತಿತ್ತು. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ, ತಪ್ಪು ತಿಳಿಯಬೇಡಿ. ಅವರ ಟ್ರಕ್ಕಿನ ಹಿಂದೆ ‘ತೋಳ ಬೇಡ’ ಎಂಬರ್ಥದ ದೊಡ್ಡ ಸ್ಟಿಕ್ಕರ್ ಇತ್ತು. ಆ ಸೀಮೆಯಲ್ಲಿ ಅಳಿದೇಹೋಗಿದ್ದ ಕೆಂಪು ತೋಳವನ್ನು ಸರ್ಕಾರದವರು ಪಂಜರದಲ್ಲಿ ಸಾಕಿ ಮತ್ತೆ ತಂದುಬಿಟ್ಟಿದ್ದರು, ಊರು ಎರಡು ಪಾಲಾಗಿತ್ತು. ಅಗ್ನಿಶಾಮಕದವರ ಸಭಾಂಗಣದಲ್ಲಿ ನಡೆದ ಸಭೆಗೆ ನಾವೂ ಹೋಗಿದ್ದೆವು. ಜಿಂಕೆಯೆಲ್ಲ ಖಾಲಿಯಾಯಿತು ಎಂದು ಒಬ್ಬರು, ಬೇಟೆನಾಯಿಗಳಿಗೆ ಅಪಾಯ ಎಂದು ಇನ್ನೊಬ್ಬರು. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎನ್ನುತ್ತಾರಲ್ಲ, ಹಾಗಾಯಿತು. ಒಬ್ಬ ಹುಡುಗಿ ಮಾತ್ರ ಎದ್ದುನಿಂತು, “ಅದು ಈ ಮಣ್ಣಿನದು, ನಾವೇ ಆಮೇಲೆ ಬಂದೋರು” ಎಂದು ಅತ್ತುಬಿಟ್ಟಳು. ಆಮೇಲೆ ಬಂದವರು ಎಂಬ ಮಾತು ಕೇಳಿ ನಾನು ಕುರ್ಚಿಯಲ್ಲಿ ಇನ್ನಷ್ಟು ಮುದುಡಿ ಕೂತೆ.

ಒಂದು ಸಂಜೆ ಟೊಮೆಟೊ ಕೊಡಲು ಬಂದ ಗೌಡರು ನನ್ನ ಅತಿಥಿಯನ್ನು ನೋಡಿದರು. ಅದು ಉಂಡು ಹೋದ ಮೇಲೆ ಟೊಮೆಟೊ ಮೆಟ್ಟಿಲ ಮೇಲಿಟ್ಟರು.

“ಅದು ನಾಯಲ್ಲ ಕಣವ್ವ, ತೋಳ,” ಎಂದರು. “ಪಟ್ಟಿ ಕಟ್ಟಿರೋರು ಸರ್ಕಾರದೋರು. ನಮ್ಮಂಥೋರು ಕಯೋಟಿ ಅಂದ್ಕಂಡು ಗುಂಡು ಹೊಡೀದೇ ಇರ್ಲಿ ಅಂತ.”

ಕಯೋಟಿ ಎಂದರೆ ಅಲ್ಲಿಯ ನರಿ ಜಾತಿಯ ಪ್ರಾಣಿ, ಅದನ್ನು ಯಾರು ಬೇಕಾದರೂ ಹೊಡೆಯಬಹುದು. ಇಷ್ಟು ದಿನ ತೋಳಕ್ಕೆ ಮುದ್ದೆ ಕಟ್ಟಿದ್ದೆನೇ ಎಂದು ಹೆದರಿದೆ. ಆದರೂ ಬಾಯಿ ಸುಮ್ಮನಿರಬೇಕಲ್ಲ. “ನಿಮಗೆ ಒಳ್ಳೇದೇ ಆಯ್ತಲ್ಲ, ಹೊಡೆಯೋಕೆ ಸುಲಭ. ತೋಳ ಬೇಡ ಅನ್ನೋರು ನೀವು,” ಎಂದೆ.

“ಈಗ್ಲೂ ಬ್ಯಾಡ. ವಾಷಿಂಗ್ಟನ್ನಲ್ಲಿ ಕುಂತೋರು ನಮ್ಮನ್ನ ಒಂದು ಮಾತು ಕೇಳ್ದೆ ತಂದ್ಬುಟ್ರು. ಆದ್ರೆ ತಟ್ಟೆಗೆ ಬಾಯಿ ಹಾಕಿರೋದನ್ನ ಹೊಡಿಯೋದು ಬೇಟೆ ಅಲ್ಲ. ಇವತ್ತು ನಿನ್ ಹಿತ್ಲು, ನಾಳೆ ಇನ್ನೊಬ್ರ ಜಗಲಿ. ಅಲ್ಲಿ ಯಾವನೋ ಹೊಡೀತಾನೆ. ಆಗ ಅದನ್ನ ಕೊಂದಿದ್ದು ಗುಂಡಲ್ಲ ಕಣವ್ವ, ನಿನ್ ಅನ್ನ.”

ಅನ್ನ ಕೊಲ್ಲುತ್ತದೆ ಎಂಬ ಮಾತನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಸೆರಗಿಲ್ಲದ ಮನೆಯುಡುಗೆಯಲ್ಲಿ ಕಣ್ಣೊರೆಸಿಕೊಳ್ಳಲು ಅಂಗಿಯ ತೋಳೇ ಗತಿಯಾಯಿತು. ತೋಳಗಳನ್ನು ನೋಡಿಕೊಳ್ಳುವ ಆಫೀಸಿಗೆ ನಮ್ಮವರು ಫೋನ್ ಮಾಡಿದರೆ ಅವರೂ ಅದನ್ನೇ ಹೇಳಿದರು: ತಟ್ಟೆ ತೆಗೆಯಿರಿ, ಬಂದರೆ ಗದ್ದಲವೆಬ್ಬಿಸಿ ಓಡಿಸಿ, ಅದಕ್ಕೆ ಮನುಷ್ಯರ ಭಯ ಹುಟ್ಟಬೇಕು. ಇಲ್ಲವಾದರೆ ಹಿಡಿದು ಮತ್ತೆ ಪಂಜರಕ್ಕೆ ಹಾಕಬೇಕಾಗುತ್ತದೆ.

ಗದ್ದಲಕ್ಕೆ ನನ್ನಲ್ಲಿದ್ದದ್ದು ಜಾಗಟೆಯೊಂದೇ. ಮರುದಿನದಿಂದ ಸಂಜೆಯಾದರೆ ಹಿತ್ತಿಲಲ್ಲಿ ನಾನು ಜಾಗಟೆ ಹಿಡಿದು, ಗೌಡರು ತಗಡಿನ ಬಕೆಟ್ ಹಿಡಿದು ಹಾಜರ್. ಹೊತ್ತು ಮುಳುಗುವಾಗ ಜೋಳದ ಹೊಲದ ಮೇಲೆ ಜೇನಿನ ಬಣ್ಣದ ಬೆಳಕು ಬೀಳುತ್ತಿತ್ತು, ತೋಳ ಆ ಬೆಳಕಿನಿಂದಲೇ ಎದ್ದು ಬಂದ ಹಾಗೆ ಬರುತ್ತಿತ್ತು. ನಾವಿಬ್ಬರೂ ಬಡಿದರೆ ನಾಲ್ಕು ಹೆಜ್ಜೆ ಹಿಂದೆ ಹೋಗಿ, ನಿಂತು, ನನ್ನನ್ನೇ ನೋಡುತ್ತಿತ್ತು. ಇವಳು ತಮಾಷೆಗೆ ಮಾಡುತ್ತಿದ್ದಾಳೆ ಎಂದುಕೊಂಡಿತೋ ಏನೋ. “ಏನೇ ಇದು, ದಿನಾ ತೋಳಕ್ಕೆ ಮಂಗಳಾರತಿ?” ಎಂದು ನಮ್ಮವರು ರೇಗಿಸಿದರು.

ಏಳನೆಯ ಸಂಜೆ ಗೌಡರು ಬಕೆಟ್ ಕೆಳಗಿಟ್ಟರು. “ಊಟ ಹಾಕ್ದೋಳು ನೀನು. ಹೋಗು ಅಂತ ನೀನೇ ಹೇಳ್ಬೇಕು,” ಎಂದು ನನ್ನ ಕೈಯ ಮರದ ಕೋಲನ್ನು ಕಿತ್ತುಕೊಂಡು ಟ್ರಕ್ಕಿನಿಂದ ನಟ್ಟು ಬಿಗಿಯುವ ಕಬ್ಬಿಣದ ರೆಂಚು ತಂದುಕೊಟ್ಟರು.

ನಮ್ಮಲ್ಲಿ ಮನೆಯಿಂದ ಹೊರಟವರಿಗೆ ‘ಹೋಗು’ ಎನ್ನುವುದಿಲ್ಲ, ‘ಹೋಗಿ ಬಾ’ ಎನ್ನುತ್ತೇವೆ. ಚಿಕ್ಕವಳಿದ್ದಾಗ ಒಮ್ಮೆ ‘ಹೋಗ್ತೀನಿ’ ಎಂದದ್ದಕ್ಕೆ ಅಜ್ಜಿ ತಲೆಗೆ ಮೊಟಕಿ, ‘ಬರ್ತೀನಿ ಅನ್ನೇ’ ಎಂದು ಹೊಸಿಲ ಮೇಲೆ ನಿಲ್ಲಿಸಿ ಹೇಳಿಸಿದ್ದಳು. ಅಂಥ ನಾನು ಆ ಸಂಜೆ ರೆಂಚಿನಿಂದ ಜಾಗಟೆ ಬಡಿಯುತ್ತಾ ಅದರ ಕಡೆಗೆ ಓಡಿದೆ. “ಹೋಗು! ಹೋಗ್ಬಿಡು! ಇನ್ಮೇಲೆ ಬರ್ಬೇಡ, ಯಾರ ಮನೇಗೂ ಬರ್ಬೇಡ!” ಗಂಟಲು ಹರಿಯುವಂತೆ ಕಿರುಚಿದೆ. ಅದರ ಕಣ್ಣಲ್ಲಿ ಭಯ ಹುಟ್ಟಿದ್ದನ್ನು ಕಂಡೆ. ತಿರುಗಿ, ಕಾಲುವೆ ಹಾರಿ, ಜೋಳದೊಳಗೆ ನುಗ್ಗಿತು. ತೆನೆಗಳು ಅಲುಗಾಡುವುದು ನಿಂತ ಮೇಲೂ ನಾನು ಬಡಿಯುತ್ತಲೇ ಇದ್ದೆನಂತೆ. ಗೌಡರು ಬಂದು ಕೈ ಹಿಡಿದು ನಿಲ್ಲಿಸಿದಾಗ ಜಾಗಟೆಯ ಅಂಚು ನಗ್ಗಿತ್ತು. ಅದು ಮತ್ತೆ ಬರಲಿಲ್ಲ. ಎಷ್ಟೋ ದಿನ ಒಂದು ಮುದ್ದೆ ಹೆಚ್ಚಾಗಿಯೇ ಕಟ್ಟುತ್ತಿದ್ದೆ, ಕೈಗೆ ಮರೆವಿಲ್ಲ ನೋಡಿ.

ನಗ್ಗಿನ ಕಥೆ ಇಷ್ಟೇ. ಆದರೆ ಮೊನ್ನೆ ಅದನ್ನು ತಿಕ್ಕುತ್ತಾ ನಿಂತವಳಿಗೆ ಮನಸ್ಸು ತಡೆಯದೆ, ವರ್ಷಗಳ ಮೇಲೆ ಗೌಡರಿಗೆ ಫೋನ್ ಹಚ್ಚಿದೆ. ದನಿ ತೆಳುವಾಗಿತ್ತು, ಸಿಟ್ಟು ಹಾಗೇ ಇತ್ತು.

“ಹೋದ್ ವಾರ ನಿನ್ ನಾಯಿ ಕಾಣಿಸ್ತು ಕಣವ್ವ. ಹೊಲದ ಆ ತುದೀಲಿ. ಪಟ್ಟಿ ಬಣ್ಣ ಮಾಸೋಗದೆ. ಹಿಂದೆ ಮೂರು ಮರಿ. ನನ್ ಜಿಂಕೆ ಎಲ್ಲಾ ತಿಂದ್ ಮುಗಿಸ್ತವೆ!”

“ಅದೇ ಅಂತ ಹೇಗ್ ಹೇಳ್ತೀರಿ?”

“ಟ್ರಕ್ಕಿಂದ ಇಳಿದು ಬಕೆಟ್ ಒಂದ್ಸಲ ಬಡಿದೆ. ಮರಿಗಳನ್ನ ಕರ್ಕಂಡು ಬಿದ್ದಂಬೀಳ ಓಡ್ತು.”

ಫೋನಿಟ್ಟು ನಕ್ಕುಬಿಟ್ಟೆ, ಅತ್ತುಬಿಟ್ಟೆ. ನನ್ನನ್ನು ನೆನಪಿಟ್ಟುಕೊಂಡಿದೆ, ಹೆದರಿಕೆಯಾಗಿ. ಅದನ್ನೇ ಮರಿಗಳಿಗೂ ಕಲಿಸುತ್ತಿದೆ.

ಮರುದಿನ ಸಂಜೆ ದೀಪ ಹಚ್ಚಿ ಮಂಗಳಾರತಿ ಎತ್ತಿದರು ನಮ್ಮವರು. “ಮೆಲ್ಲಗೆ ಬಾರಿಸೇ, ಪಕ್ಕದ ಗೋಡೆಯೋರು ಕಂಪ್ಲೇಂಟ್ ಮಾಡ್ತಾರೆ,” ಎಂದರು. ಮೆಲ್ಲಗೇ ಶುರುಮಾಡಿದೆ. ಕೊನೆಯಲ್ಲಿ ಮಾತ್ರ ಕೈ ಕೇಳಲಿಲ್ಲ, ನಗ್ಗಿದ್ದ ಕಡೆಗೇ ಒಂದು ಏಟು ಜೋರಾಗಿ ಬಿತ್ತು. ನೀನು ಬಾಪ್ಪ ದೇವರೇ, ಎಂದೆ. ಆ ತೋಳ ಮಾತ್ರ ಎಂದೂ ಬರದೇ ಇರಲಿ.