ತೂಬಿನ ಲೆಮ್ಮಾ

ಅನುಮಾನಪಡುವುದಕ್ಕೇ ನನಗೆ ಸಂಬಳ. ಶಿವಾಜಿನಗರದ ಹತ್ತಿರದ ಕಾಲೇಜಿನಲ್ಲಿ ಗಣಿತ ಪಾಠ ಮಾಡುವುದನ್ನು ಬಿಟ್ಟು ಇಂದಿರಾನಗರದ ಈ ಎಐ ಸಂಶೋಧನಾ ಕಚೇರಿಗೆ ಸೇರಿದ ಮೇಲೆ ನನ್ನ ಕೆಲಸ ಒಂದೇ: ಪ್ರಮೇಯಗಳಿಗೆ ಯಂತ್ರ ಬರೆಯುವ ಸಾಧನೆಗಳಲ್ಲಿ, ಅಂದರೆ ಪ್ರೂಫ್‌ಗಳಲ್ಲಿ, ಹುಳುಕು ಹುಡುಕುವುದು. ಯಂತ್ರದ ಇಂಗ್ಲಿಷ್ ಬಹಳ ನಯ. ನಯವಾಗಿ ಮಾತಾಡುವವರನ್ನು ನಾನು ಮನುಷ್ಯರಲ್ಲೂ ನಂಬುವುದಿಲ್ಲ.

ಆ ದಿನದ ಸಾಧನೆಯಲ್ಲಿ ಹುಳುಕೇನೂ ಸಿಗಲಿಲ್ಲ. ಸಿಕ್ಕಿದ್ದು ಒಂದು ಮಾತು. ‘ಎಲ್ಲರಿಗೂ ತಿಳಿದಿರುವ ಸ್ಲೂಯಿಸ್ ಲೆಮ್ಮಾದ ಪ್ರಕಾರ’ ಎಂದು ಬರೆದು ಯಂತ್ರ ಮುಂದಕ್ಕೆ ಹೋಗಿತ್ತು. ನನ್ನ ಮೈ ಉರಿಯಿತು. ಲೆಮ್ಮಾ ಎಂದರೆ ದೊಡ್ಡ ಪ್ರಮೇಯವನ್ನು ಮುಟ್ಟಲು ಮೊದಲು ಸಾಧಿಸಿಕೊಳ್ಳುವ ಸಣ್ಣ ಫಲಿತಾಂಶ. ಈ ಲೆಮ್ಮಾ ನನ್ನದು. ಮುಗಿಯದ ಸರಣಿಯೊಂದನ್ನು ಒಮ್ಮೆಲೇ ಕೂಡಲು ಹೋಗದೆ, ಕೆರೆಯ ತೂಬು ಎತ್ತಿ ನೀರು ಬಿಟ್ಟಂತೆ ಬೇಕಾದಷ್ಟೇ ಬಿಟ್ಟುಕೊಳ್ಳುವ ಉಪಾಯ. ಕೆ.ಆರ್. ಪುರದ ಕಡೆಯ ನಮ್ಮ ಮನೆಯಲ್ಲಿ ತೂಬು ಎಂದರೆ ಮಕ್ಕಳಿಗೂ ಗೊತ್ತು. ಗಣಿತದ ಯಾವ ಪುಸ್ತಕದಲ್ಲೂ ಆ ಹೆಸರಿಲ್ಲ. ತರಗತಿಯ ಬೋರ್ಡಿನ ಮೇಲೆ ಬರೆದು, ತೂಬಿಗೆ ಇಂಗ್ಲಿಷಿನಲ್ಲಿರುವ ‘ಸ್ಲೂಯಿಸ್’ ಎಂಬ ಹೆಸರನ್ನೂ ನಾನೇ ಇಟ್ಟಿದ್ದೆ. ಇನ್ನಷ್ಟು ತಿದ್ದಿ ಪ್ರಕಟಿಸೋಣವೆಂದು ಇಟ್ಟುಕೊಂಡಿದ್ದೆ. ಗಣಿತದಲ್ಲಿ ನನ್ನದು ಎಂದು ಹೇಳಿಕೊಳ್ಳಲು ನನಗಿದ್ದದ್ದು ಅದೊಂದೇ.

ಕಚೇರಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ಅನುಮಾನ ನೇರ ಅವನ ಮೇಲೆ ಹೋಯಿತು. ಕ್ಯಾಂಟೀನಿನಲ್ಲಿ ದೋಸೆ ತಿನ್ನುತ್ತಿದ್ದವನನ್ನು ಹಿಡಿದು ಕೇಳಿದೆ.

“ಇದನ್ನ ಮಷೀನಿಗೆ ಕೊಟ್ಟಿದ್ದು ನೀನೇನಾ?”

“ಅಯ್ಯೋ, ಇಲ್ಲ ಮೇಡಂ. ನಮ್ ಬ್ಯಾಚಲ್ಲಿ ಎಲ್ರೂ ಥೀಸಿಸಲ್ಲಿ ಯೂಸ್ ಮಾಡಿದೀವಿ. ಅದು ಅಲ್ಲಿಂದ ಓದ್ಕೊಂಡಿರತ್ತೆ.”

“ಯಾರದು ಅಂತ ಬರೆದ್ರಾ?”

“ಎಲ್ರಿಗೂ ಗೊತ್ತಿರೋದು ಅಂದ್ಕೊಂಡ್ವಿ. ನೀವು ಅಷ್ಟು ಈಸಿಯಾಗಿ ಹೇಳ್ಬಿಡ್ತಿದ್ರಿ.”

ಗಣಿತದವರ ಚಟವೇ ಇದು. ಆಕರ ಹುಡುಕಲು ಬೇಸರವಾದರೆ ‘ಎಲ್ಲರಿಗೂ ತಿಳಿದಿರುವಂತೆ’ ಎಂದು ಬರೆದು ದಾಟಿಬಿಡುತ್ತಾರೆ. ಯಂತ್ರ ಅದನ್ನೂ ಕಲಿತಿತ್ತು. ಹುಡುಗ ಹೇಳಿದ್ದು ನಿಜವೇ ಇರಬಹುದು. ಆದರೆ ಹೇಳುವಷ್ಟು ಹೊತ್ತೂ ದೋಸೆಯನ್ನೇ ನೋಡುತ್ತಿದ್ದ.

ಅವನನ್ನೂ ಕರೆದುಕೊಂಡು ಮುಖ್ಯಸ್ಥರ ಕೋಣೆಗೆ ಹೋದೆ. ಯಂತ್ರದ ಈ ಸಾಧನೆಯ ಬಗ್ಗೆ ಕಚೇರಿಯ ಪ್ರಬಂಧ ಪ್ರಕಟಣೆಗೆ ಹೋಗುವ ಮೊದಲು ಲೆಮ್ಮಾಕ್ಕೆ ನನ್ನ ಹೆಸರು ಹಾಕಬೇಕೆಂದೆ.

“ಖಂಡಿತ ಮೇಡಂ. ಎಲ್ಲಿ ಪಬ್ಲಿಷ್ ಆಗಿದೆ, ಹೇಳಿ.”

“ಆಗಿಲ್ಲ. ಕ್ಲಾಸಲ್ಲಿ ಮಾಡಿದ್ದು.”

ಅವರು ಕಂಪ್ಯೂಟರಿನಲ್ಲಿ ಹುಡುಕಿದರು. “ಮೊದಲು ರೈಟಿಂಗಲ್ಲಿ ಬಂದಿರೋದು ಇವರ ಥೀಸಿಸಲ್ಲೇ ಮೇಡಂ. ರೆಫರೆನ್ಸ್ ಅದಕ್ಕೇ ಕೊಡ್ಬೇಕಾಗತ್ತೆ. ನಿಮಗೆ ಕೊನೇಲಿ ಥ್ಯಾಂಕ್ಸ್ ಹೇಳೋಣ” ಎಂದರು. ಆಮೇಲೆ ಅವನ ಕಡೆ ತಿರುಗಿ, “ನಿಮ್ಮ ಹೆಸರು ಹಾಕ್ಲಾ?” ಎಂದು ಕೇಳಿದರು.

ಅವನು ಬೇಡ ಎನ್ನುತ್ತಾನೆಂದು ಕಾದೆ. ಅವನು ನನ್ನನ್ನು ನೋಡಿದ, ಅವರನ್ನು ನೋಡಿದ.

“ಸ್ಪೆಲ್ಲಿಂಗಲ್ಲಿ ಕೊನೇಗೆ ಒಂದು ‘ಎಚ್’ ಬರತ್ತೆ ಸಾರ್” ಎಂದ.